ಹಿತ್ತಿಲಿನಿಂದ ಬಂದ ‘ಓ’

ದೆವ್ವ ಭೂತ ಎನ್ನುವವರನ್ನು ಆಡಿಕೊಳ್ಳುತ್ತಿದ್ದವಳು ನಾನು. ಕೈತುಂಬ ಕೆಲಸವಿರುವವರಿಗೆ ಅದೆಲ್ಲ ಕಾಣುವುದಿಲ್ಲ ಎಂದು ಮುಖಕ್ಕೇ ಹೇಳಿಬಿಡುತ್ತಿದ್ದೆ. ಕೈತುಂಬ ಕೆಲಸವಿದ್ದಾಗಲೇ ನನಗೆ ಹೀಗಾಯಿತು. ನಂಬಿ ಎಂದು ಯಾರನ್ನೂ ಬೇಡುವುದಿಲ್ಲ, ನಡೆದದ್ದನ್ನು ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಯಜಮಾನರು ಯಶವಂತಪುರ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿದ್ದರು. ಹಮಾಲರನ್ನು ಕೂಗಿ ಕೂಗಿ ಪಳಗಿದ ಗಂಟಲು. ಹಿತ್ತಿಲಿನಲ್ಲಿದ್ದು ‘ಓ’ ಎಂದರೆ ಬೀದಿಗೆ ಕೇಳುತ್ತಿತ್ತು. ನಲವತ್ತೆರಡನೆಯ ವಯಸ್ಸಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತೂ ನಿಂತಿತು.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, “ಕೈಕಾಲು ನೀವಿ, ಆಡಿಸಿ. ದಿನಾ ಹೆಸರು ಹಿಡಿದು ಕರೀರಮ್ಮ. ಒಂದ್ಸಲ ಓಗೊಟ್ರೆ ಉಳಿದ ಮಾತೂ ಬರಬಹುದು. ಆರು ತಿಂಗಳೊಳಗೆ ಬರ್ಬೇಕು, ಆಮೇಲೆ ಕಷ್ಟ” ಎಂದರು.

ತಲೆಯಾಡಿಸಿ ಬಂದೆ. ಆದರೆ ಕರೆಯುವುದು ಯಾರು? ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದ ಕಾಲ. ದೆವ್ವವನ್ನು ನಂಬದ ನಾನು ಇದನ್ನು ಮಾತ್ರ ನಂಬಿದ್ದೆ, ನೋಡಿ. ಈಗಲೂ ಆ ಹೆಸರನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಮಗನ ಆರೈಕೆಗೆಂದು ಚಿಕ್ಕಬಾಣಾವರದಿಂದ ಬಂದಿದ್ದ ನಮ್ಮತ್ತೆಯೂ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅದು ಅವರ ಮಾವನ ಹೆಸರು. ಮಗನನ್ನು ‘ಅಪ್ಪಯ್ಯ’ ಎಂದೇ ಸಾಕಿದವರು. ಹೀಗೆ ಇಬ್ಬರು ಹೆಂಗಸರಿದ್ದೂ ಅವರ ಹೆಸರು ಕರೆಯುವವರು ಮನೆಯಲ್ಲಿ ಇರಲಿಲ್ಲ.

‘ಏನ್ರೀ’ ಎಂದೇ ಐದು ತಿಂಗಳು ಕರೆದೆ. ಎಣ್ಣೆ ಹಚ್ಚಿ ನೀವಿದೆ, ಬಲಗೈಗೆ ಲಟ್ಟಣಿಗೆ ಕೊಟ್ಟು ಹಿಡಿಸಿದೆ. ಅದು ಜಾರಿ ಉರುಳಿಹೋಗುತ್ತಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಆರನೆಯ ತಿಂಗಳು, ಬೇಸಿಗೆಯ ಒಂದು ಮಟಮಟ ಮಧ್ಯಾಹ್ನ. ಕುಡಿಸಿದ ರಾಗಿ ಗಂಜಿಯೆಲ್ಲ ಕಟವಾಯಿಯಿಂದ ಇಳಿದು, ಆಗಷ್ಟೇ ಬದಲಿಸಿದ ಹಾಸಿಗೆ ಮತ್ತೆ ಒದ್ದೆಯಾಯಿತು. ನನಗೆ ಸಾಕಾಗಿ ಹೋಗಿತ್ತು. ಲೋಟ ಕುಕ್ಕಿ, ಸಿಟ್ಟಿನಲ್ಲಿ ಅವರ ಹೆಸರು ಹಿಡಿದು ಅರಚಿದೆ.

“ಓ... ಬಂದೆ!”

ಅವರದೇ ದನಿ, ಕಾಯಿಲೆಗೆ ಮೊದಲಿನ ದನಿ. ಬಂದದ್ದು ಮಾತ್ರ ಹಿತ್ತಿಲಿನ ಬಾವಿ ಕಡೆಯಿಂದ. ನನ್ನ ಮುಂದೆ ಅವರ ಬಾಯಿ ಮುಚ್ಚಿಯೇ ಇತ್ತು.

ಎದ್ದು ಓಡಿದೆ. ಕಣ್ಣು ಮಂಜಾಗಿದ್ದ ಅತ್ತೆ ಹಿತ್ತಿಲ ಬಾಗಿಲಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. “ಅಪ್ಪಯ್ಯ ಇತ್ಲಲ್ಲಿ ನಿಂತವ್ನೆ ಕಣವ್ವ, ಬಿಸ್ಲು. ಒಳಿಕ್ ಕರಿ” ಎಂದರು, ದಿನಾ ನಡೆಯುವ ಸಂಗತಿ ಎನ್ನುವಂತೆ.

ಬಾವಿಯ ಹತ್ತಿರ ಯಾರೂ ಇರಲಿಲ್ಲ. ಬಚ್ಚಲು ನೋಡಿದೆ, ಗೋಡೆಯಾಚೆ ಇಣುಕಿದೆ. ಎಷ್ಟು ಹೊತ್ತು ಹುಡುಕಿದೆನೋ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ಮಂಚದ ಮೇಲಿದ್ದವರ ನೆನಪೇ ನನಗಿರಲಿಲ್ಲ.

ಒಳಗೆ ಬಂದಾಗ ಅವರು ಬಾಗಿಲಿನ ಕಡೆಗೆ ಕತ್ತು ತಿರುಗಿಸಿಕೊಂಡಿದ್ದರು. ಕೆನ್ನೆಯ ಮೇಲೆ ಕಣ್ಣೀರು ಇಳಿದಿತ್ತು. ಆ ದನಿ ಅವರಿಗೂ ಕೇಳಿಸಿತ್ತು.

ಅಂದಿನಿಂದ ದಿನಾ ಹೆಸರು ಹಿಡಿದೇ ಕರೆದೆ. ಹಿತ್ತಿಲಿನಿಂದ ಮತ್ತೆ ದನಿ ಬರಲಿಲ್ಲ. ಅವರೂ ಬಾಯಿ ತೆರೆಯಲಿಲ್ಲ. ನಾನು ಕರೆದಾಗಲೆಲ್ಲ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಎರಡು ವರ್ಷ ಹೀಗೇ ಇದ್ದು ಹೋದರು.

ಅಂದು ಓಗೊಟ್ಟವರು ಯಾರೆಂದು ಇಂದಿಗೂ ನನಗೆ ತಿಳಿಯದು. ತಿಳಿಯದಿದ್ದರೆ ಬೇಡ. ಆದರೆ ಅವರನ್ನು ಒದ್ದೆ ಹಾಸಿಗೆಯಲ್ಲಿ ಬಿಟ್ಟು, ಅವರು ನೋಡುತ್ತಿರುವಾಗಲೇ, ಗಟ್ಟಿ ದನಿಯ ಆ ಇನ್ನೊಬ್ಬರ ಹತ್ತಿರಕ್ಕೆ ನಾನು ಓಡಿಹೋದೆನಲ್ಲ.