ಬ್ರೇಕಿನ ಮೇಲಿನ ಕಾಲು

ಕುಂದಗೋಳದಿಂದ ನಮ್ಮನ್ನು ಬೆಟ್ಟದೂರಿನ ಯಾತ್ರೆಗೆ ಕರೆದೊಯ್ದ ಜೀಪಿನ ಚಾಚಾರದು ದಾರಿಯುದ್ದಕ್ಕೂ ಒಂದೇ ಮಾತು: “ಸಾವಕಾಶ್ರಿ, ಹೊಳಿ ಎಲ್ಲೂ ಹೋಗೂದಿಲ್ಲ.” ತಿರುವು ಬಂದಾಗಲೆಲ್ಲ ಎತ್ತಿನ ಬೆನ್ನು ಸವರುವಂತೆ ಸ್ಟೇರಿಂಗ್ ಸವರುತ್ತಿದ್ದರು. ಜೀಪಿನ ಹ್ಯಾಂಡ್‌ಬ್ರೇಕ್ ಕೆಟ್ಟಿತ್ತು, ನಿಲ್ಲಿಸಿದಲ್ಲೆಲ್ಲ ಗಾಲಿಗೆ ಕಲ್ಲು ಇಡುತ್ತಿದ್ದರು.

ದೇವರ ದರ್ಶನವಾಯಿತು. ಹೊಳೆಗೆ ಉಡಿ ತುಂಬುವ ಅತ್ತೆಯ ಹರಕೆಯೊಂದು ಉಳಿದಿತ್ತು. ಜಲಪಾತಕ್ಕಿಳಿಯುವ ಮೆಟ್ಟಿಲು ನೋಡಿಯೇ ಅವರ ಮೊಣಕಾಲು ಸೋತವು.

“ಕೊಡ್ರಿ ಅತ್ತಿ, ನಾ ತುಂಬಿ ಬರ್ತೀನಿ,” ಎಂದೆ.

“ಹರಕಿ ನಂದು, ಕೈ ನಿಂದೇನ?” ಎಂದು ಅತ್ತೆ ಕಣ್ಣೊರೆಸಿಕೊಂಡರು.

“ಗಾಡಿ ಹತ್ರಿ ಅವ್ವಾರ,” ಎಂದರು ಚಾಚಾ. ಡ್ರೈವರುಗಳು ಗಾಡಿ ತೊಳೆಯುವ ಹೊಳೆದಂಡೆಯ ಇಳಿಜಾರಿನಲ್ಲಿ ಜೀಪನ್ನು ಹಿಂದಕ್ಕೆ ಬಿಟ್ಟು, ಗಾಲಿಯನ್ನು ನೀರಿಗೆ ಮುಟ್ಟಿಸಿದರು. ಅಲ್ಲಿನ ಕೆಸರಿನಲ್ಲಿ ಕಲ್ಲು ನಿಲ್ಲುವಂತಿರಲಿಲ್ಲ. ಅತ್ತೆ ಹಿಂದಿನ ಸೀಟಿನಿಂದಲೇ ಬಾಗಿ ಅಕ್ಕಿ, ಬಳೆ, ಕುಬಸದ ಖಣ ಹೊಳೆಗೆ ಬಿಟ್ಟರು. ಆಮೇಲೆ ಮನೆಮಂದಿಯ ಹೆಸರನ್ನು ಒಂದೊಂದಾಗಿ ಹೇಳಿ ಬೇಡಿಕೊಳ್ಳತೊಡಗಿದರು.

ಮುಂದೆ ಕುಳಿತಿದ್ದ ನಾನು ನೋಡಿದೆ: ಬ್ರೇಕ್ ಒತ್ತಿ ಹಿಡಿದಿದ್ದ ಚಾಚಾರ ಕಾಲು ನಡುಗುತ್ತಿತ್ತು.

“ಲಗೂ ಮುಗಸ್ರಿ ಅತ್ತಿ!”

ಚಾಚಾ ನನ್ನನ್ನು ಕೈಸನ್ನೆಯಿಂದ ಸುಮ್ಮನಿರಿಸಿದರು. “ಸಾವಕಾಶ್ರಿ ಅವ್ವಾರ, ಹೊಳಿ ಎಲ್ಲೂ ಹೋಗೂದಿಲ್ಲ.”

ಅತ್ತೆಗೆ ನಿರಾಳವಾಯಿತು. ಈ ಸಲ ಚಾಚಾರ ಮನೆಯವರನ್ನೂ ಸೇರಿಸಿಕೊಂಡು, ಮತ್ತೆ ಮೊದಲಿನಿಂದ ಬೇಡಿಕೊಳ್ಳತೊಡಗಿದರು.