ಯಾವಗಲ್ಲಿಗೆ ಹೋದ ಕರ್ತನ ಭೋಜನ

ನರಗುಂದದಲ್ಲಿ ಹಮಾಲಿಯಿಂದ ಶುರು ಮಾಡಿ ಕಾಳಿನ ವ್ಯಾಪಾರಕ್ಕೆ ಬಂದವನು ನಾನು. ಬರಿಗೈಯಲ್ಲಿ ಯಾರನ್ನೂ ಏನನ್ನೂ ಕೇಳಬಾರದೆಂದು ಪೇಟೆ ಕಲಿಸಿತ್ತು. ತಮ್ಮನ ವಿಷಯಕ್ಕೆ ನಮ್ಮ ಚರ್ಚಿನ ಸಭಾಪಾಲಕರ ಮನೆಗೆ ಹೋದಾಗಲೂ ಒಂದು ವ್ಯವಹಾರ ಕಟ್ಟಿಕೊಂಡೇ ಹೋದೆ.

ತಮ್ಮ ಹತ್ತಿರದ ಯಾವಗಲ್ ಊರಿನಲ್ಲಿ ಗಂಟಲ ಕ್ಯಾನ್ಸರಿನಿಂದ ಮಲಗಿದ್ದ. ಹಿಂದೊಂದು ಕ್ರಿಸ್‌ಮಸ್ ದಿನ ಕುಡಿದು ಬಂದು, ಚರ್ಚಿನ ಅಂಗಳದಲ್ಲೇ ಸಭೆಯ ಹಿರಿಯರೊಬ್ಬರ ಮೇಲೆ ಕೈ ಮಾಡಿದ್ದ. ಅಂದಿನಿಂದ ಅವನಿಗೆ, ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇರಲಿಲ್ಲ. ನಮ್ಮ ಸಭೆಯಲ್ಲಿ ಹಾಗೆ ಹೊರಗುಳಿದವನು ಮತ್ತೆ ಅದನ್ನು ಪಡೆಯಬೇಕಾದರೆ ಆರಾಧನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಎದ್ದು ನಿಂತು ಕ್ಷಮೆ ಕೇಳಬೇಕು. ಗಟ್ಟಿಯಿದ್ದಾಗ ಅವನಿಗೆ ಹಟ, ಈಗ ಕಾಲಲ್ಲಿ ಬಲವಿಲ್ಲ.

"ಆ ರೊಟ್ಟಿ ಇಲ್ಲದ ಸಾಯಾಕ ಅಂಜಿಕಿ ಬರ್ತೈತಿ ಅಣ್ಣಾ," ಎನ್ನುತ್ತಿದ್ದ.

"ಅಯ್ನೋರ, ಚರ್ಚಿಗೆ ಹೊಸಾ ತಗಡ ನಾ ಹಾಕಸ್ತೀನ್ರಿ. ನಿಲ್ಲೂದೊಂದು ಬಿಟ್ಟಬಿಡ್ರಿ ಅವಗ," ಎಂದೆ ಸಭಾಪಾಲಕರಿಗೆ.

"ತಗಡು ಸೋರತೈತಿ, ಖರೇ. ಆದ್ರ ಇದು ನಿಮ್ಮ ಪ್ಯಾಟಿ ಅಲ್ರಿ," ಅಂದರು. "ಟ್ರ್ಯಾಕ್ಟರ್ ಹೇಳಿಡ್ರಿ. ನಾಳೆ ಆರಾಧನಿ ಮುಗದ ಮ್ಯಾಲ ಎಲ್ಲಾರೂ ಯಾವಗಲ್ಲಿಗೆ ಹೋಗೂಣು."

ಮರುದಿನ ಇಡೀ ಸಭೆ ಟ್ರೇಲರಿನಲ್ಲಿ ಬಂದು ತಮ್ಮನ ಕೋಣೆಯಲ್ಲಿ ಒತ್ತೊತ್ತಾಗಿ ನಿಂತಿತು. ಪೆಟ್ಟು ತಿಂದಿದ್ದ ಹಿರಿಯರೂ ಬಂದಿದ್ದರು, ಆದರೆ ಹೊಸ್ತಿಲು ದಾಟಲಿಲ್ಲ. ತಮ್ಮ ಮೊಣಕೈ ಊರಿ ಏಳಲು ನೋಡಿದ.

"ಮಲ್ಕೋಪಾ," ಅಂದರು ಸಭಾಪಾಲಕರು. "ನಿನ್ನ ಸಲುವಾಗಿ ನಾವ ನಿಂತೀವಿ."

"ತಪ್ಪಾತ್ರಿ," ಎಂದ ತಮ್ಮ, ಬಾಗಿಲ ಕಡೆ ನೋಡುತ್ತ. ಹಿರಿಯರು ನೆಲ ನೋಡಿದರು.

ರಸದಲ್ಲಿ ಅದ್ದಿದ ರೊಟ್ಟಿಯ ಚೂರು ಅವನ ಗಂಟಲಲ್ಲಿ ಇಳಿಯಲಿಲ್ಲ. ಕೆಮ್ಮು ಬಂದು, ರಕ್ತದ ಜೊಲ್ಲಿನೊಂದಿಗೆ ದಿಂಬಿನ ಮೇಲೆ ಬಿತ್ತು.

"ಅದೂ ನನ್ನ ಒಲ್ಲೆ ಅಂತೈತ್ರಿ," ಎಂದು ಗೋಡೆಯತ್ತ ಮುಖ ತಿರುಗಿಸಿದ.

ಸಭಾಪಾಲಕರು ಆ ಚೂರನ್ನು ಬೆರಳಿಂದ ಎತ್ತಿ ತಾವೇ ಬಾಯಿಗೆ ಹಾಕಿಕೊಂಡರು. ಯಾರೋ ಸೀರೆ ಸೆರಗು ಬಾಯಿಗೊತ್ತಿಕೊಂಡರು.

"ಇಕಾ, ಈ ಕಡೆ ನೋಡು. ಎಲ್ಲಾರಿಗೂ ಒಂದ ರೊಟ್ಟಿಪಾ ಇದು. ನಾ ನುಂಗಿದ್ರ ನೀ ನುಂಗಿದಾಂಗ."

ಅವರು ನುಂಗುವವರೆಗೂ ತಮ್ಮ ಅವರ ಗಂಟಲನ್ನೇ ನೋಡುತ್ತಿದ್ದ. ನಂಬಿದನೋ ಇಲ್ಲವೋ ತಿಳಿಯದು. ಅದೇ ವಾರ ಅವನನ್ನು ಮಣ್ಣು ಮಾಡಿದೆವು.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ನನ್ನದೊಂದು ಮಾತು: ಗಂಟಲಲ್ಲಿ ತುತ್ತು ಇಳಿಯುತ್ತಿರುವಾಗಲೇ ಸಭಾಪಾಲಕರನ್ನು ಕರೆಯಿರಿ. ಕರೆಯುವಾಗ ಕೈಯಲ್ಲಿ ಏನನ್ನೂ ಹಿಡಿದು ಹೋಗಬೇಡಿ.