ಆರ್ವಿಲ್‌ನ ಆರನೆಯ ಪ್ರಶ್ನೆ

ವಿನಿಪೆಗ್ ನಗರದ ನಿವೃತ್ತ ಬಸ್ ಚಾಲಕ ಆರ್ವಿಲ್ ಫ್ರೀಸನ್ ಭೂಗೋಳಪ್ರಿಯರ ಆನ್‌ಲೈನ್ ಗುಂಪಿನ ಬಾಗಿಲು ಕಾಯಲು ಕುಳಿತನೆಂದರೆ ಯಮನೂ ಪರೀಕ್ಷೆ ಬರೆದೇ ಒಳಗೆ ಬರಬೇಕು. ಹೊಸಬರಿಗೆ ಐದು ಪ್ರಶ್ನೆ. ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿ ಎಂದವರ ಮೇಲೆ ಸಿಟ್ಟು. ಥಟ್ಟನೆ ಸರಿಯುತ್ತರ ಬರೆದವರ ಮೇಲೆ ಇನ್ನೂ ಸಿಟ್ಟು. "ಕಾಪಿ ಹೊಡೀತೀಯೇನಯ್ಯಾ? ಬುರ್ಕಿನಾ ಫಾಸೋ ರಾಜಧಾನೀನ ತಿಣುಕದೆ ಯಾರಾದ್ರೂ ಹೇಳ್ತಾರಾ?" ಎಂದು ಕಂಪ್ಯೂಟರಿಗೇ ಗದರುತ್ತಾನೆ. "ಹಿಂಗೇ ಆಡ್ತಿರು, ಗುಂಪಲ್ಲಿ ನೀನೊಬ್ನೇ ಉಳೀತೀಯ" ಎಂದು ಹೆಂಡತಿ ಲಿಯೋನಾ ಕಾಫಿ ಕುಕ್ಕುತ್ತಾಳೆ. ಆದರೂ ಗುಂಪಿನಲ್ಲಿ ನಾಲ್ಕು ಸಾವಿರ ಜನ. ಏಕೆಂದರೆ ಐದರಲ್ಲೂ ಬಿದ್ದವರಿಗೆ ಅವನು ಆರನೆಯದೊಂದನ್ನು ಕೇಳುತ್ತಾನೆ: "ನಿಮ್ಮ ಅಡುಗೆಮನೆ ಕಿಟಕೀಲಿ ಏನು ಕಾಣುತ್ತೆ?" ಅದರಲ್ಲಿ ಈವರೆಗೆ ಯಾರೂ ನಪಾಸಾಗಿಲ್ಲ. ಬಂದರು, ಜೋಳದ ಹೊಲ, ಯಾರದೋ ಕೆಂಪು ಟ್ರಕ್ಕು ಎಂದು ಬಂದ ಉತ್ತರಗಳನ್ನೆಲ್ಲ ಲಿಯೋನಾಳಿಗೆ ಗಟ್ಟಿಯಾಗಿ ಓದಿ ಹೇಳುತ್ತಾನೆ. ಅವರ ಅಡುಗೆಮನೆಯ ಕಿಟಕಿಯಲ್ಲಿ ಮೂವತ್ತು ವರ್ಷದಿಂದ ಕಾಣುವುದು ಪಕ್ಕದ ಮನೆಯ ಇಟ್ಟಿಗೆ ಗೋಡೆಯೊಂದೇ.